ಔಟಾಗದಿರುವುದರ ಲೆಕ್ಕ

(ಬನಹಟ್ಟಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಗುಂಡಪ್ಪ ವಿಶ್ವನಾಥ್ 91 ಟೆಸ್ಟ್ ಆಡಿ 6080 ರನ್ ಗಳಿಸಿದರು, ಸರಾಸರಿ 41.93. ವೀರೇಂದ್ರ ಸೆಹ್ವಾಗ್ 104 ಟೆಸ್ಟ್‌ಗಳಲ್ಲಿ 8586 ರನ್, ಸರಾಸರಿ 49.34. ರಾಹುಲ್ ದ್ರಾವಿಡ್ 164 ಟೆಸ್ಟ್‌ಗಳಲ್ಲಿ 13288 ರನ್, ಸರಾಸರಿ 52.31. ಈ ಮೂರನ್ನೂ ಒಂದರ ಕೆಳಗೊಂದು ಬರೆದಿಟ್ಟರೆ ಯಾರು ದೊಡ್ಡವರು ಎಂಬ ಚಹಾದಂಗಡಿಯ ವಾದ ಅಲ್ಲಿಗೇ ಮುಗಿಯಬೇಕು: ದ್ರಾವಿಡ್ ಮೊದಲು, ಸೆಹ್ವಾಗ್ ಅವರ ಬೆನ್ನಿಗೇ, ವಿಶ್ವನಾಥ್ ಬಹಳ ಹಿಂದೆ. ಆದರೆ ವಾದ ಮುಗಿಯುವುದಿಲ್ಲ, ಮುಗಿಯಲೂಬಾರದು. ದ್ರಾವಿಡ್ ಮತ್ತು ಸೆಹ್ವಾಗ್ ನಡುವೆ ಇರುವುದು ಬರೀ ಮೂರು ರನ್ನಿನ ಅಂತರ ಎಂಬುದನ್ನು ಇಬ್ಬರ ಆಟವನ್ನೂ ಕಂಡ ಯಾರೂ ಒಪ್ಪಲಾರರು. ವಿಶ್ವನಾಥ್ ಹತ್ತು ರನ್ ಕಡಿಮೆಯ ಆಟಗಾರ ಎಂದರೆ ಅರವತ್ತು ದಾಟಿದವರು ಎದ್ದುನಿಂತು ಜಗಳಕ್ಕೆ ಬರುತ್ತಾರೆ. ಸಂಖ್ಯೆ ಸುಳ್ಳಲ್ಲ, ಅನುಭವವೂ ಸುಳ್ಳಲ್ಲ. ಸಂಖ್ಯೆಯ ಪಕ್ಕದಲ್ಲಿ ಇನ್ನೊಂದು ಸಂಖ್ಯೆಯನ್ನು ಇಡದೇ ಹೋದದ್ದರಿಂದ ಈ ಗೊಂದಲ. ಒಬ್ಬ ಆಟಗಾರನ ಸರಾಸರಿಗೆ ಅರ್ಥ ಬರುವುದು ಅದೇ ಕಾಲದಲ್ಲಿ, ಅದೇ ಅಂಗಳದಲ್ಲಿ ಆಡಿದ ಉಳಿದವರ ಸರಾಸರಿಯ ಜೊತೆಗಿಟ್ಟಾಗ ಮಾತ್ರ. ಹಾಗಿಟ್ಟು ನೋಡಿದರೆ ದ್ರಾವಿಡ್ ಅವರ ದೊಡ್ಡತನ 52.31ರಲ್ಲಿ ಇಲ್ಲವೇ ಇಲ್ಲ, ಬೇರೊಂದು ಸಂಖ್ಯೆಯಲ್ಲಿದೆ ಎಂಬುದು ಈ ಸಂಜೆಯ ನನ್ನ ವಾದ.

ಬನಹಟ್ಟಿಯಂಥ ನೇಕಾರರ ಊರಿನಲ್ಲಿ ಈ ಮಾತನ್ನು ಬಹಳ ಬಿಡಿಸಿ ಹೇಳಬೇಕಿಲ್ಲ. ಒಬ್ಬರು ವಾರಕ್ಕೆ ಇಷ್ಟು ಸೀರೆ ಇಳಿಸಿದರು, ಮತ್ತೊಬ್ಬರು ಅಷ್ಟು ಎಂದರೆ, ಆ ವಾರ ಕರೆಂಟು ಎಷ್ಟು ತಾಸು ಇತ್ತು, ನೂಲು ಎಂಥದಿತ್ತು, ಅದೇ ಶೆಡ್ಡಿನ ಪಕ್ಕದ ಮಗ್ಗದಲ್ಲಿ ಎಷ್ಟು ಇಳಿದವು ಎಂದು ಕೇಳದೆ ಯಾವ ಮಾಲೀಕನೂ ತೀರ್ಪು ಕೊಡುವುದಿಲ್ಲ. ಆಟದ ಲೆಕ್ಕದಲ್ಲಿ ಮಾತ್ರ ಈ ವ್ಯವಹಾರಜ್ಞಾನವನ್ನು ನಾವು ಬದಿಗಿಡುತ್ತೇವೆ. ಇದನ್ನು ಬದಿಗಿಟ್ಟರೆ ಎಂಥ ಎಡವಟ್ಟಾಗುತ್ತದೆ ಎಂಬುದಕ್ಕೆ ಅಮೆರಿಕದ ಬೇಸ್‌ಬಾಲ್‌ನಷ್ಟು ಒಳ್ಳೆಯ ಉದಾಹರಣೆ ಬೇರೆ ಇಲ್ಲ. 1930ರಲ್ಲಿ ಅಲ್ಲಿನ ನ್ಯಾಷನಲ್ ಲೀಗಿನಲ್ಲಿ ಆಡಿದ ಎಲ್ಲರನ್ನೂ, ದಡ್ಡರನ್ನೂ ಜಾಣರನ್ನೂ ಸೇರಿಸಿ ಲೆಕ್ಕ ಹಾಕಿದರೆ ಬ್ಯಾಟಿಂಗ್ ಸರಾಸರಿ .303 ಬರುತ್ತದೆ, ಅಂದರೆ ಸಾವಿರ ಅವಕಾಶಕ್ಕೆ 303 ಯಶಸ್ವಿ ಹೊಡೆತ. 1968ರಲ್ಲಿ ಅಮೆರಿಕನ್ ಲೀಗಿನ ಬ್ಯಾಟಿಂಗ್ ಪಟ್ಟ ಗೆದ್ದ ಕಾರ್ಲ್ ಯಸ್ಟ್ರೆಮ್ಸ್ಕಿ ಅವರ ಸರಾಸರಿ .301. ಒಂದು ಕಾಲದ ಸಾಮಾನ್ಯನಿಗಿಂತ ಇನ್ನೊಂದು ಕಾಲದ ಚಾಂಪಿಯನ್ ಎರಡು ಗುಂಜಿ ಕಡಿಮೆ! 1968ರಲ್ಲಿ ಚೆಂಡೆಸೆಯುವವರ ಕೈ ಎಷ್ಟು ಮೇಲಾಗಿತ್ತೆಂದರೆ ಆ ಲೀಗಿನ ಒಟ್ಟು ಸರಾಸರಿ .230ಕ್ಕೆ ಕುಸಿದಿತ್ತು; ಮರುವರ್ಷ ಎಸೆತಗಾರ ನಿಲ್ಲುವ ದಿಬ್ಬವನ್ನೇ 15 ಅಂಗುಲದಿಂದ 10 ಅಂಗುಲಕ್ಕೆ ಇಳಿಸಬೇಕಾಯಿತು. .230ರ ನಡುವೆ ನಿಂತ .301 ದೊಡ್ಡದು. .303ರ ನಡುವೆ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಬೇಸ್‌ಬಾಲ್ ನಮಗೆ ಇನ್ನೊಂದು ಪಾಠವನ್ನೂ ಕೊಡುತ್ತದೆ. ಅಲ್ಲಿ ಬಹುಕಾಲ ಬ್ಯಾಟು ಬೀಸಿ ಹೊಡೆದದ್ದನ್ನಷ್ಟೇ ಎಣಿಸುತ್ತಿದ್ದರು. ಎಸೆತಗಾರನ ನಾಲ್ಕು ಕೆಟ್ಟ ಎಸೆತಗಳನ್ನು ಬ್ಯಾಟು ಬೀಸದೆ ಬಿಟ್ಟರೆ ಆಟಗಾರ ಸುಮ್ಮನೆ ನಡೆದು ಮೊದಲ ಬೇಸ್ ಸೇರಬಹುದು; ಆದರೆ ಸರಾಸರಿಯ ಲೆಕ್ಕದಲ್ಲಿ ಅದಕ್ಕೆ ಬೆಲೆಯೇ ಇರಲಿಲ್ಲ. ಹೊಡೆದು ಹೋದರೇನು, ಬಿಟ್ಟು ಹೋದರೇನು, ಔಟಾಗದೆ ಬೇಸ್ ಸೇರಿದನೋ ಇಲ್ಲವೋ ಎಂದು ಎಣಿಸುವುದೇ ಆನ್-ಬೇಸ್ ಪರ್ಸೆಂಟೇಜ್. ಬೇಸ್‌ಬಾಲ್ ಆಡಳಿತಗಾರ ಬ್ರಾಂಚ್ ರಿಕಿ ಮತ್ತು ಅವರ ಲೆಕ್ಕಿಗ ಆಲನ್ ರಾತ್ 1950ರ ದಶಕದಲ್ಲೇ ಇದರ ಪರವಾಗಿ ವಾದಿಸಿದ್ದರು. ಅಧಿಕೃತ ಅಂಕಿ-ಅಂಶಗಳಲ್ಲಿ ಅದಕ್ಕೆ ಜಾಗ ಸಿಕ್ಕದ್ದು 1984ರಲ್ಲಿ. 2002ರಲ್ಲಿ ಹಣವಿಲ್ಲದ ಓಕ್‌ಲ್ಯಾಂಡ್ ತಂಡ ಈ ಲೆಕ್ಕದಿಂದ ಅಗ್ಗದ ಆಟಗಾರರನ್ನು ಆರಿಸಿಕೊಂಡು 103 ಪಂದ್ಯ ಗೆದ್ದ ಮೇಲೆ ಜಗತ್ತೆಲ್ಲ ಇದರ ಮಾತಾಡಿತು. ಇಡೀ ವೃತ್ತಿಜೀವನದ ಲೆಕ್ಕದಲ್ಲಿ ಮೇಲಿರುವವರು ಟೆಡ್ ವಿಲಿಯಮ್ಸ್: .482, ಅಂದರೆ ಸಾವಿರ ಸಲ ಬ್ಯಾಟು ಹಿಡಿದರೆ 482 ಸಲ ಔಟಾಗದೆ ಬೇಸ್ ಸೇರಿದರು. ಈ 482 ದೊಡ್ಡದೋ ಸಣ್ಣದೋ ಎಂದು ಅದೊಂದನ್ನೇ ನೋಡಿದರೆ ಹೇಳಲಾಗದು; ಅರ್ಧಕ್ಕಿಂತ ಕಡಿಮೆಯಲ್ಲವೇ ಎಂದು ಹೊಸಬರು ಮೂಗು ಮುರಿಯಲೂಬಹುದು. ಲೀಗಿನ ಸಾಮಾನ್ಯ ಆಟಗಾರನದು ಬಹುತೇಕ ಕಾಲಗಳಲ್ಲಿ ಸಾವಿರಕ್ಕೆ 320ರಿಂದ 345ರೊಳಗೆ ಎಂದು ತಿಳಿದಾಗಲೇ ಆ ಅಂಕಿಯ ಎತ್ತರ ಕಾಣುವುದು.

ಕ್ರಿಕೆಟ್‌ಗೆ ಬರೋಣ. ಔಟಾಗದೆ ಉಳಿಯುವ ಗುಣವನ್ನು ನಮ್ಮ ಆಟದಲ್ಲಿ ಅಳೆಯುವ ನೇರ ದಾರಿ, ಒಬ್ಬ ಬ್ಯಾಟರ್ ಒಮ್ಮೆ ಔಟಾಗಲು ಸರಾಸರಿ ಎಷ್ಟು ಎಸೆತ ಬೇಕಾದವು ಎಂದು ಕೇಳುವುದು. ದ್ರಾವಿಡ್ ಟೆಸ್ಟ್‌ಗಳಲ್ಲಿ ಎದುರಿಸಿದ ಎಸೆತಗಳು 31258. ಟೆಸ್ಟ್ ಇತಿಹಾಸದಲ್ಲಿ ಅಷ್ಟು ಎಸೆತಗಳನ್ನು ಮತ್ತಾರೂ ಎದುರಿಸಿಲ್ಲ. 286 ಇನಿಂಗ್ಸ್‌ಗಳಲ್ಲಿ 32 ಸಲ ಅವರು ಔಟಾಗದೆ ಉಳಿದರು, 254 ಸಲ ಔಟಾದರು. ಭಾಗಿಸಿದರೆ ಒಂದು ಔಟಿಗೆ 123 ಎಸೆತ. ಸಚಿನ್ ತೆಂಡೂಲ್ಕರ್ ಅವರದು, ದಾಖಲಾದ ಎಸೆತಗಳ ಮಟ್ಟಿಗೆ, ನೂರರ ಆಸುಪಾಸು. ಸೆಹ್ವಾಗ್ ಅವರದು 60. ಇನ್ನು ಲೀಗಿನ ಸರಾಸರಿ ಎನ್ನುವಂಥದ್ದು ಬೇಕು. 2000ದ ದಶಕದ ಟೆಸ್ಟ್ ಕ್ರಿಕೆಟ್‌ನಲ್ಲಿ ಒಂದು ವಿಕೆಟ್ಟಿಗೆ ಸುಮಾರು 34 ರನ್ ಬೀಳುತ್ತಿದ್ದವು, ಓವರಿಗೆ 3.2ರ ವೇಗದಲ್ಲಿ. ಅಂದರೆ ಒಂದು ವಿಕೆಟ್ಟಿಗೆ ಸುಮಾರು 65 ಎಸೆತ. ದ್ರಾವಿಡ್ ಅವರ 123 ಈ 65ರ ಪಕ್ಕದಲ್ಲಿ ನಿಂತರೆ ಹೆಚ್ಚುಕಡಿಮೆ ಎರಡರಷ್ಟು. ಇಲ್ಲಿ ಒಂದು ಆಕ್ಷೇಪ ತಕ್ಷಣ ಏಳುತ್ತದೆ, ಅದು ನ್ಯಾಯವಾದದ್ದೂ ಹೌದು: 65ರಲ್ಲಿ ಬಾಲಂಗೋಚಿಗಳೂ ಸೇರಿದ್ದಾರಲ್ಲ, ಹನ್ನೊಂದನೆಯವನ ಜೊತೆ ದ್ರಾವಿಡ್‌ರನ್ನು ತೂಗುವುದು ಯಾವ ಸೀಮೆಯ ಲೆಕ್ಕ? ಸರಿ, ಅವರನ್ನು ತೆಗೆದು ಮೊದಲ ಏಳು ಕ್ರಮಾಂಕದವರನ್ನಷ್ಟೇ ಹಿಡಿಯೋಣ. ಅವರ ಸರಾಸರಿ ನಲವತ್ತರ ಹತ್ತಿರ ಬರುತ್ತದೆ. ರನ್ ವೇಗ ಅದೇ ಎಂದುಕೊಂಡರೆ ಒಂದು ಔಟಿಗೆ 75 ಎಸೆತ, ಉದಾರವಾಗಿ ಎಂಬತ್ತೇ ಇರಲಿ. ಆಗಲೂ ದ್ರಾವಿಡ್ ಅವರದು ಒಂದೂವರೆಪಟ್ಟು. ರನ್ ಸರಾಸರಿಯನ್ನು ಹೀಗೇ ಹೋಲಿಸಿದರೆ, ನಲವತ್ತರ ಮುಂದೆ 52 ಬರೀ ಒಂದೂಕಾಲಿನ ಚೂರು ಮೇಲೆ. ರನ್ನಿನಲ್ಲಿ ಅವರು ಒಳ್ಳೆಯವರಲ್ಲಿ ಒಳ್ಳೆಯವರು. ಔಟಾಗದಿರುವುದರಲ್ಲಿ ಬೇರೆಯೇ ಸಾಲಿನವರು.

ಸೆಹ್ವಾಗ್ ಅವರ 60 ಸಾಮಾನ್ಯ ಸರಾಸರಿಗಿಂತಲೂ ಕೆಳಗಿದೆ ಎಂಬುದನ್ನು ಗಮನಿಸಿರಬೇಕು. ಆದರೂ ಅವರ ಸರಾಸರಿ 49. ಇದು ವಿರೋಧಾಭಾಸವಲ್ಲ. ಒಂದು ಔಟಿಗೆ ಎಷ್ಟು ಎಸೆತ, ಒಂದು ಎಸೆತಕ್ಕೆ ಎಷ್ಟು ರನ್, ಈ ಎರಡನ್ನು ಗುಣಿಸಿದರೆ ಸಿಗುವುದೇ ಸರಾಸರಿ. ಸೆಹ್ವಾಗ್ 60 ಎಸೆತಗಳನ್ನು ನೂರಕ್ಕೆ 82ರ ವೇಗದಲ್ಲಿ ಆಡಿದರು, ದ್ರಾವಿಡ್ 123 ಎಸೆತಗಳನ್ನು ನೂರಕ್ಕೆ 42ರ ವೇಗದಲ್ಲಿ. ಗುಣಲಬ್ಧ ಹತ್ತಿರ ಹತ್ತಿರ ಬಂತೆಂದು ಇಬ್ಬರೂ ಒಂದೇ ಕೆಲಸ ಮಾಡಿದರು ಎನ್ನಲಾಗದು. ಹಾಗಾದರೆ ಯಾವುದರ ಬೆಲೆ ಹೆಚ್ಚು? ಉತ್ತರ ಆಟದ ಕಟ್ಟಳೆಯಲ್ಲೇ ಇದೆ. ಟೆಸ್ಟ್ ಪಂದ್ಯಕ್ಕೆ ಐದು ದಿನ, ದಿನಕ್ಕೆ 90 ಓವರ್. ಒಟ್ಟು 2700 ಎಸೆತ, ಬೀಳಬಹುದಾದ ವಿಕೆಟ್ಟು 40. ಒಂದು ವಿಕೆಟ್ಟಿಗೆ 67 ಎಸೆತದ ಪಾಲು. ಸಾಮಾನ್ಯ ಬ್ಯಾಟರ್‌ಗಳು ಬಳಸಿಕೊಳ್ಳುವುದೂ ಹೆಚ್ಚುಕಡಿಮೆ ಅಷ್ಟೇ ಎಂಬುದು ಕುತೂಹಲದ ಸಂಗತಿ. ಏಕದಿನದಲ್ಲಿ ಹತ್ತು ವಿಕೆಟ್ಟಿಗೆ 300 ಎಸೆತ, ಅಂದರೆ ತಲಾ 30. ಟಿ20ಯಲ್ಲಿ ತಲಾ 12. ಬೇಸಿಗೆಯಲ್ಲಿ ನಮ್ಮ ತಾಲ್ಲೂಕುಗಳಲ್ಲಿ ನಡೆಯುವ ಎಂಟು ಓವರಿನ ಟೆನಿಸ್ ಬಾಲ್ ಪಂದ್ಯಗಳಲ್ಲಿ ತಲಾ ಐದೂ ಇಲ್ಲ. ಅಲ್ಲಿ ದ್ರಾವಿಡ್ ಅವರಂತೆ ನಿಂತವನನ್ನು ಜೊತೆಗಾರರೇ ರನೌಟ್ ಮಾಡಿಸಿಯಾರು. ಎಸೆತ ಹೇರಳವಾಗಿ, ವಿಕೆಟ್ಟು ವಿರಳವಾಗಿರುವ ಆಟದಲ್ಲಿ ತುಟ್ಟಿಯಾದದ್ದು ವಿಕೆಟ್ಟು. ಎಸೆತ ವಿರಳವಾದಲ್ಲಿ ತುಟ್ಟಿಯಾದದ್ದು ಎಸೆತ. ದ್ರಾವಿಡ್ ಏಕದಿನದಲ್ಲಿ 10889 ರನ್ ಮಾಡಿಯೂ ಅಲ್ಲಿನ ದೊಡ್ಡ ಹೆಸರುಗಳ ಮೊದಲ ಸಾಲಿಗೆ ಬರದಿರುವುದು ಈ ಕಾರಣಕ್ಕೇ, ಮತ್ತು ಅದರಲ್ಲಿ ಅನ್ಯಾಯವೇನೂ ಇಲ್ಲ.

ಆದರೂ ಬಲವಾದ ಆಕ್ಷೇಪವೊಂದು ಉಳಿಯುತ್ತದೆ. ನಿಂತೇ ಇದ್ದರೆ ಪಂದ್ಯ ಗೆಲ್ಲುವುದು ಹೇಗೆ? ಗೆಲ್ಲಲು ಎದುರಾಳಿಯ ಇಪ್ಪತ್ತು ವಿಕೆಟ್ಟು ಬೀಳಬೇಕು, ಅದಕ್ಕೆ ಸಮಯ ಬೇಕು. ನಿಧಾನದ ಆಟ ಆ ಸಮಯವನ್ನು ತಿಂದುಹಾಕುತ್ತದೆ ಎನ್ನುತ್ತಾರೆ. ಈ ಮಾತು ಕೆಲವು ಪಂದ್ಯಗಳ ಮಟ್ಟಿಗೆ ನಿಜ. ಆದರೆ ಬ್ಯಾಟಿಂಗ್ ಒಬ್ಬರ ಕೆಲಸವಲ್ಲ, ಇನ್ನೊಂದು ತುದಿಯಲ್ಲೂ ಒಬ್ಬರಿರುತ್ತಾರೆ. ದ್ರಾವಿಡ್ ಟೆಸ್ಟ್‌ಗಳಲ್ಲಿ 88 ಶತಕದ ಜೊತೆಯಾಟಗಳಲ್ಲಿ ಪಾಲುಗೊಂಡರು. ಒಂದು ತುದಿಯಲ್ಲಿ 123 ಎಸೆತ ಗಟ್ಟಿಯಾಗಿದ್ದುದರಿಂದಲೇ ಇನ್ನೊಂದು ತುದಿಯವರು ಕೈಬಿಚ್ಚಿ ಆಡಿದರು; ಆ ರನ್‌ಗಳು ಜೊತೆಗಾರರಾದ ಲಕ್ಷ್ಮಣ್ ಅಥವಾ ಗಂಗೂಲಿ ಅವರ ಖಾತೆಗೆ ಜಮೆಯಾದವು. 2003ರ ಡಿಸೆಂಬರ್‌ನ ಅಡಿಲೇಡ್ ಪಂದ್ಯವನ್ನೇ ತೆಗೆದುಕೊಳ್ಳಿ. ಆಸ್ಟ್ರೇಲಿಯಾ 556 ಬಾರಿಸಿತ್ತು. ಭಾರತ 4 ವಿಕೆಟ್ಟಿಗೆ 85 ಆಗಿದ್ದಾಗ ಲಕ್ಷ್ಮಣ್ ಬಂದು ದ್ರಾವಿಡ್ ಜೊತೆ 303 ರನ್ ಸೇರಿಸಿದರು. ದ್ರಾವಿಡ್ 446 ಎಸೆತಗಳಲ್ಲಿ 233, ಎರಡನೆಯ ಸರದಿಯಲ್ಲಿ 170 ಎಸೆತಗಳಲ್ಲಿ ಔಟಾಗದೆ 72. ಒಂದೇ ಪಂದ್ಯದಲ್ಲಿ 616 ಎಸೆತ, ಔಟಾದದ್ದು ಒಂದು ಸಲ. ನಿಧಾನದ ಆಟ ಸಮಯ ತಿಂದಿತೆ? ಭಾರತ ನಾಲ್ಕು ವಿಕೆಟ್ಟಿನಿಂದ ಗೆದ್ದಿತು. 1981ರ ಮೆಲ್ಬರ್ನ್ ನಂತರ ಆಸ್ಟ್ರೇಲಿಯಾ ನೆಲದಲ್ಲಿ ನಮಗೆ ಸಿಕ್ಕ ಮೊದಲ ಟೆಸ್ಟ್ ಗೆಲುವು ಅದು. ಹೆಡಿಂಗ್ಲೆ 2002ರಲ್ಲಿ 148, ರಾವಲ್ಪಿಂಡಿ 2004ರಲ್ಲಿ 270, ಎರಡೂ ಇನಿಂಗ್ಸ್ ಗೆಲುವುಗಳು. ವಿದೇಶದ ಪಿಚ್‌ಗಳಲ್ಲಿ ಅವರ ಒಟ್ಟು ಸರಾಸರಿ 53.03, ತವರಿನದಕ್ಕಿಂತ ಅದೇ ಮೇಲು.

ದಶಕದ ಸರಾಸರಿ ಎನ್ನುವುದು ಒರಟು ಅಳತೆ. ಅದರಲ್ಲಿ ಕೊಲಂಬೊದ ಸಪಾಟು ಪಿಚ್ಚೂ ಇದೆ, ಕಿಂಗ್‌ಸ್ಟನ್ನಿನ ಒಡೆದ ಪಿಚ್ಚೂ ಇದೆ. ಇನ್ನಷ್ಟು ಹತ್ತಿರ ಹೋಗಿ ಒಂದೇ ಪಂದ್ಯವನ್ನು ಲೀಗ್ ಎಂದುಕೊಳ್ಳಬಹುದು. ಅಲ್ಲಿ ಪಿಚ್ಚು, ಹವೆ, ಚೆಂಡು ಎಲ್ಲರಿಗೂ ಒಂದೇ. 2006ರ ಕಿಂಗ್‌ಸ್ಟನ್ ಟೆಸ್ಟ್‌ನಲ್ಲಿ ಭಾರತ 200 ಮತ್ತು 171, ವೆಸ್ಟ್ ಇಂಡೀಸ್ 103 ಮತ್ತು 219. ನಾಲ್ಕೂ ಸಲ ತಂಡಗಳು ಆಲೌಟ್. 40 ವಿಕೆಟ್ಟಿಗೆ 693 ರನ್, ತಲಾ 17. ನಾಯಕ ದ್ರಾವಿಡ್ 81 ಮತ್ತು 68, ಅಂದರೆ ಎರಡು ಔಟಿಗೆ 149. ಅವರನ್ನು ಬದಿಗಿಟ್ಟರೆ ಉಳಿದ 38 ವಿಕೆಟ್ಟುಗಳ ಸರಾಸರಿ, ಇತರೆ ರನ್‌ಗಳನ್ನು ಸೇರಿಸಿಯೂ, 14ರ ಸ್ವಲ್ಪ ಮೇಲೆ. ಅವರದು 74.5. ಐದುಪಟ್ಟು. ಪಂದ್ಯ ಮೂರೇ ದಿನಕ್ಕೆ ಮುಗಿಯಿತು, ಭಾರತ 49 ರನ್ನಿನಿಂದ ಗೆದ್ದು 1971ರ ನಂತರ ಮೊದಲ ಸಲ ಆ ದ್ವೀಪಗಳಲ್ಲಿ ಸರಣಿ ಗೆದ್ದಿತು. ದಾಖಲೆ ಪುಸ್ತಕದಲ್ಲಿ ಈ 81 ಮತ್ತು 68 ಎರಡು ಅರ್ಧಶತಕಗಳು ಅಷ್ಟೇ. 36 ಶತಕಗಳ ಪಟ್ಟಿಯಲ್ಲಿ ಇವಕ್ಕೆ ಜಾಗವೂ ಇಲ್ಲ. ಪಂದ್ಯದ ಸರಾಸರಿಯ ಪಕ್ಕದಲ್ಲಿ ಇಟ್ಟರೆ ಅವರ ಎಷ್ಟೋ ಶತಕಗಳಿಗಿಂತ ತೂಕದವು.

2011ರ ಇಂಗ್ಲೆಂಡ್ ಪ್ರವಾಸ ಇದಕ್ಕಿಂತ ಕಹಿ. ನಾಲ್ಕು ಟೆಸ್ಟ್‌ಗಳಲ್ಲಿ ಭಾರತದ ಎಂಟು ಮೊತ್ತಗಳು 286, 261, 288, 158, 224, 244, 300, 283. ಒಮ್ಮೆಯೂ ಮುನ್ನೂರು ದಾಟಲಿಲ್ಲ, ನಾಲ್ಕಕ್ಕೆ ನಾಲ್ಕೂ ಸೋಲು. ಒಟ್ಟು 2044 ರನ್ನಿನಲ್ಲಿ ದ್ರಾವಿಡ್ ಅವರದು 461, ಆರು ಸಲ ಔಟಾಗಿ, ಸರಾಸರಿ 76.83. ಮಿಕ್ಕ 74 ವಿಕೆಟ್ಟುಗಳಿಗೆ ತಲಾ 21 ರನ್. ಓವಲ್‌ನಲ್ಲಿ ಆರಂಭಿಕನಾಗಿ ಹೋಗಿ ಹತ್ತೂ ವಿಕೆಟ್ಟು ಬೀಳುವವರೆಗೆ 146 ರನ್ನಿನೊಂದಿಗೆ ಅಜೇಯರಾಗಿ ಉಳಿದರು. ಫಾಲೋಆನ್ ಆದದ್ದರಿಂದ ಮತ್ತೆ ಪ್ಯಾಡು ಕಟ್ಟಿ ಹೊರಟರು. ಆಗ ಅವರಿಗೆ 38 ವರ್ಷ. ಇಲ್ಲಿ ಜಾಣ ಕೇಳುಗರು ತಡೆಯಬಹುದು: ಜೊತೆಗಾರರು ಕುಸಿದಾಗ ಯಾರು ಬೇಕಾದರೂ ಎತ್ತರ ಕಾಣುತ್ತಾರೆ, ದುರ್ಬಲ ತಂಡದ ಸಾಧಾರಣ ಆಟಗಾರನೂ ಈ ಅಳತೆಗೋಲಿನಲ್ಲಿ ದೈತ್ಯನಾಗುತ್ತಾನಲ್ಲ? ಇದು ಈ ವಿಧಾನದ ನಿಜವಾದ ಬಲಹೀನತೆ, ಮುಚ್ಚಿಡುವಂಥದ್ದಲ್ಲ. ಆದರೆ ಆ ಭಾರತ ತಂಡ ದುರ್ಬಲರದಾಗಿರಲಿಲ್ಲ. ತೆಂಡೂಲ್ಕರ್, ಲಕ್ಷ್ಮಣ್, ಧೋನಿ ಇದ್ದರು. ಸರಣಿ ಆರಂಭವಾದಾಗ ಟೆಸ್ಟ್ ಶ್ರೇಯಾಂಕದಲ್ಲಿ ಮೊದಲ ಸ್ಥಾನ ನಮ್ಮದೇ ಇತ್ತು. ಕಿಂಗ್‌ಸ್ಟನ್ನಿನ ಲೆಕ್ಕದಲ್ಲಿ ಎದುರಾಳಿಯ ಬ್ರಯಾನ್ ಲಾರಾ ಅಂಥವರೂ ಸೇರಿದ್ದಾರೆ. ಒಂದು ಸರಣಿಯಲ್ಲಿ ಜೊತೆಗಾರರ ಕುಸಿತ ಒಬ್ಬನನ್ನು ಎತ್ತರಿಸಿ ತೋರಿಸಬಹುದು, 254 ಔಟುಗಳ ಉದ್ದಕ್ಕೂ ತೋರಿಸಲಾರದು. ಒಂದು ಪಂದ್ಯದ ಹೋಲಿಕೆಯನ್ನು ಅದಕ್ಕೇ ಒಂಟಿಯಾಗಿ ನಂಬಬಾರದು. ವೃತ್ತಿಜೀವನದ 123ರ ಜೊತೆಗಿಟ್ಟು ಓದಬೇಕು.

ಇನ್ನು ವಿಶ್ವನಾಥ್. ಇಲ್ಲಿ ಅಭಿಮಾನಿಗಳು ನನ್ನಿಂದ ಒಂದು ಪವಾಡ ನಿರೀಕ್ಷಿಸುತ್ತಿರಬಹುದು: ಕಾಲದ ಸರಾಸರಿಯಿಂದ ಸರಿಪಡಿಸಿದರೆ 41.93 ಹಿಗ್ಗಿ 52 ಆಗುತ್ತದೆ ಎಂದು. ಆಗುವುದಿಲ್ಲ. 1970ರ ದಶಕದಲ್ಲಿ ವಿಕೆಟ್ಟಿಗೆ ಸುಮಾರು 32 ರನ್, 2000ದ ದಶಕದಲ್ಲಿ ಸುಮಾರು 34. ಆ ಪ್ರಮಾಣದಲ್ಲಿ ಏರಿಸಿದರೆ ವಿಶ್ವನಾಥ್ ಅವರದು ನಲವತ್ತೈದರ ಹತ್ತಿರ ಬರುತ್ತದೆ, ಹತ್ತರ ಅಂತರ ಎಂಟರ ಸುಮಾರಿಗೆ ಇಳಿಯುತ್ತದೆ. ಅಷ್ಟೇ. ಬೇಕಾದ ಉತ್ತರವನ್ನೇ ಕೊಡುವ ಲೆಕ್ಕ ಲೆಕ್ಕವಲ್ಲ. ಈ ವಿಧಾನ ನನಗೆ ವಿಶ್ವಾಸಾರ್ಹವೆನಿಸುವುದು ಅದು ನನ್ನ ಮುಲಾಜಿಗೆ ಬೀಳದ್ದರಿಂದ. ಒಟ್ಟು ವೃತ್ತಿಜೀವನದಲ್ಲಿ ದ್ರಾವಿಡ್ ಮುಂದೆ ಎಂಬುದನ್ನು ಒಪ್ಪಿಯೇ ಮುಂದಕ್ಕೆ ಹೋಗಬೇಕು. ಆದರೆ ದಶಕವನ್ನು ಬಿಟ್ಟು ಪಂದ್ಯಕ್ಕೆ ಇಳಿದರೆ ಚಿತ್ರ ಬೇರೆ. 1975ರ ಜನವರಿ, ಚೆಪಾಕ್. ವೆಸ್ಟ್ ಇಂಡೀಸ್‌ನ ಆಂಡಿ ರಾಬರ್ಟ್ಸ್ 64 ರನ್ನಿಗೆ 7 ವಿಕೆಟ್ಟು ಕಿತ್ತರು, ಭಾರತ 190. ಅದರಲ್ಲಿ ವಿಶ್ವನಾಥ್ ಔಟಾಗದೆ 97. ಜೊತೆಗಾರರು ಮುಗಿದದ್ದರಿಂದ ಶತಕ ತಪ್ಪಿತು. ಎರಡನೆಯ ಸರದಿಯಲ್ಲಿ 46. ಪಂದ್ಯದ ನಾಲ್ಕು ಮೊತ್ತ 190, 192, 256, 154. ನಲವತ್ತು ವಿಕೆಟ್ಟಿಗೆ 792, ತಲಾ 20ಕ್ಕಿಂತ ಕಡಿಮೆ. ವಿಶ್ವನಾಥ್ ಒಂದೇ ಔಟಿಗೆ 143. ಭಾರತ ನೂರು ರನ್ನಿನಿಂದ ಗೆದ್ದಿತು, ಚೆಂಡಿನ ಕಡೆಯಿಂದ ಸ್ಪಿನ್ನರ್ ಪ್ರಸನ್ನ ಅವರ ಪಾಲೂ ದೊಡ್ಡದಿತ್ತು. ಮೊದಲ ಸರದಿಯ ಆ ಆಟ ಶತಕಗಳ ಪಟ್ಟಿಯಲ್ಲಿಲ್ಲ. ಪಟ್ಟಿಯಲ್ಲಿರುವ 14 ಶತಕಗಳ ವಿಷಯವೂ ವಿಶೇಷವೇ: ಆ ಪಂದ್ಯಗಳಲ್ಲಿ ಒಂದನ್ನೂ ಭಾರತ ಸೋಲಲಿಲ್ಲ. ನಾಲ್ಕು ಗೆಲುವು, ಹತ್ತು ಡ್ರಾ. ಗೆದ್ದವುಗಳಲ್ಲಿ 1976ರ ಪೋರ್ಟ್ ಆಫ್ ಸ್ಪೇನ್ ಇದೆ, ಅಲ್ಲಿ 403ರ ಗುರಿ ಬೆನ್ನಟ್ಟಿದಾಗ ಅವರ 112. 1981ರ ಮೆಲ್ಬರ್ನ್ ಇದೆ, ಅಲ್ಲಿ ತಂಡದ 237ರಲ್ಲಿ 114 ಅವರದೇ. ಇದನ್ನು ಪುರಾವೆ ಎಂದು ಬಹಳ ಎಳೆಯಬಾರದು, ಹದಿನಾಲ್ಕು ಚಿಕ್ಕ ಸಂಖ್ಯೆ. ಆದರೂ ಚೆಪಾಕ್ ಮತ್ತು ಕಿಂಗ್‌ಸ್ಟನ್‌ಗಳನ್ನು ಅಕ್ಕಪಕ್ಕ ಇಟ್ಟಾಗ, ಮಣಿಕಟ್ಟಿನ ಚೆಲುವಿಗೆ ಹೆಸರಾದವರೂ ಗೋಡೆ ಎಂದು ಹೆಸರಾದವರೂ ಒಂದೇ ಬಗೆಯ ಕೆಲಸ ಮಾಡಿದ್ದು ಕಾಣುತ್ತದೆ.

ವಿಶ್ವನಾಥ್ ಅವರ ಸ್ಕ್ವೇರ್ ಕಟ್ಟನ್ನು ಯಾವ ಸರಾಸರಿಯಲ್ಲಿ ತೂಗುತ್ತೀರಿ ಎಂಬ ಪ್ರಶ್ನೆ ಬಂದೇ ಬರುತ್ತದೆ. ತೂಗುವುದಿಲ್ಲ. ಚೆಲುವಿನ ತೀರ್ಪು ನೋಡುವವರ ಕಣ್ಣಿಗೆ ಬಿಟ್ಟದ್ದು, ಅದಕ್ಕೆ ಭಾಗಾಕಾರ ಬೇಡ. ಆದರೆ ಯಾರು ಎಷ್ಟು ಉಪಯೋಗಕ್ಕೆ ಬಂದರು ಎಂಬ ವಾದಕ್ಕೆ ಇಳಿದ ಮೇಲೆ ಚೆಲುವನ್ನು ಸಾಕ್ಷಿಗೆ ಕರೆಯುವಂತಿಲ್ಲ. ಇನ್ನೊಂದು ಕಡೆ, ಬರೀ 41.93 ಎಂದು ಬರೆದು ಕೈತೊಳೆದುಕೊಳ್ಳುವ ಲೆಕ್ಕಿಗರೂ ಅಷ್ಟೇ ತಪ್ಪು ಮಾಡುತ್ತಾರೆ. 97ರ ಪಕ್ಕದಲ್ಲಿ 20 ಎಂದು ಬರೆಯಲು ಒಂದು ಸಾಲೂ ಹಿಡಿಯುವುದಿಲ್ಲ. ಕನ್ನಡ ಪತ್ರಿಕೆಗಳ ಕ್ರೀಡಾಪುಟದಲ್ಲಿ ಸ್ಕೋರು ಹಾಕುವಾಗ ಪಂದ್ಯದಲ್ಲಿ ಪ್ರತಿ ವಿಕೆಟ್ಟಿಗೆ ಬಂದ ರನ್ ಎಷ್ಟೆಂದು ಕೊನೆಗೆ ಒಂದು ಅಂಕಿ ಸೇರಿಸಿದರೆ ಓದುಗರು ತಾವೇ ಹೋಲಿಸಿಕೊಳ್ಳುತ್ತಾರೆ.

ದ್ರಾವಿಡ್ ಅವರ 123ಕ್ಕೆ ಸರಿಯಾಗಿ ವಿಶ್ವನಾಥ್ ಅವರ ಅಂಕಿ ಯಾವುದು ಎಂದು ನಾನು ಹೇಳಿಲ್ಲ. ಅವರ ಕಾಲದ ಎಲ್ಲ ಪಂದ್ಯಗಳಲ್ಲೂ ಬ್ಯಾಟರ್ ಎದುರಿಸಿದ ಎಸೆತಗಳನ್ನು ಬರೆದಿಟ್ಟಿಲ್ಲ. ನಿಮಿಷ ಬರೆದರು, ಬೌಂಡರಿ ಬರೆದರು, ಎಸೆತ ಕೆಲವು ಕಡೆ ಬಿಟ್ಟುಹೋಯಿತು. ಬಿಟ್ಟುಹೋದದ್ದನ್ನು ಈಗ ಯಾರೂ ತುಂಬಲಾರರು. ಜಮಖಂಡಿ, ಮುಧೋಳ, ಬನಹಟ್ಟಿಗಳಲ್ಲಿ ಪಂದ್ಯಾವಳಿ ನಡೆಸುವ ತರುಣರು ಈ ಸಭೆಯಲ್ಲಿ ಇದ್ದರೆ, ಅವರ ಸ್ಕೋರ್ ಪುಸ್ತಕದಲ್ಲಿ ಪ್ರತಿ ಹೆಸರಿನ ಮುಂದೆ ರನ್ನಿನ ಜೊತೆಗೆ ಎಸೆತಕ್ಕೂ ಒಂದು ಮನೆ ಎಳೆದುಕೊಳ್ಳಲಿ. ಅದಕ್ಕೆ ಬೇಕಾದದ್ದು ಒಂದು ಪಟ್ಟಿ, ಒಂದು ಪೆನ್ನು, ಮತ್ತು ಪ್ರತಿ ಚೆಂಡನ್ನೂ ಬಿಡದೆ ನೋಡುವ ಒಬ್ಬ ಹುಡುಗ ಇಲ್ಲವೇ ಹುಡುಗಿ.